ಅಂಬಾಸಿಡರ್: ಉಳಿದದ್ದು ಹೆಸರು ಮಾತ್ರ

2017ರಲ್ಲಿ ಅಂಬಾಸಿಡರ್ 80 ಕೋಟಿ ರೂಪಾಯಿಗೆ ಮಾರಾಟವಾಯ್ತು. ಕಾರಲ್ಲ, ಕಾರಿನ ಹೆಸರು. ಕೊಂಡದ್ದು ಫ್ರಾನ್ಸಿನ ಪ್ಯೂಜೊ.

ಅಪ್ಪಟ ಭಾರತೀಯ ಅಂತ ನಾವು ನೆನಪಿಸಿಕೊಳ್ಳೋ ಈ ಕಾರು ಮೂಲತಃ ಬ್ರಿಟನ್ನಿನದು. ಮಾರಿಸ್ ಆಕ್ಸ್‌ಫರ್ಡ್‌ನ ಮೂರನೇ ಮಾದರಿಯನ್ನು ಬಿರ್ಲಾ ಕುಟುಂಬದ ಹಿಂದೂಸ್ತಾನ್ ಮೋಟರ್ಸ್ ಇಲ್ಲಿಗೆ ತಂದು, 1950ರ ದಶಕದ ಕೊನೆಯಲ್ಲಿ ಕೋಲ್ಕತ್ತ ಪಕ್ಕದ ಉತ್ತರಪಾರಾದಲ್ಲಿ ತಯಾರಿಸತೊಡಗಿತು. ಆಮೇಲೆ ಅರ್ಧ ಶತಮಾನ ಕಳೆದರೂ ಆಕಾರ ಹೆಚ್ಚುಕಡಿಮೆ ಅದೇ.

ಗಟ್ಟಿ ಕಾರು, ನಿಜ. ಗುಂಡಿ ಬಿದ್ದ ರಸ್ತೆಗೆ ಹೆದರುತ್ತಿರಲಿಲ್ಲ. ಹಿಂದಿನ ಸೀಟಲ್ಲಿ ಇಡೀ ಸಂಸಾರ ಕೂರಬಹುದಿತ್ತು. ಕೆಟ್ಟು ನಿಂತರೆ ಸಣ್ಣ ಊರಿನ ಮೆಕ್ಯಾನಿಕ್ ಕೂಡ ಬಿಚ್ಚಿ ಸರಿಮಾಡುತ್ತಿದ್ದ. ಆದ್ರೆ ಅದರ ರಾಜ್ಯಭಾರಕ್ಕೆ ಇದಿಷ್ಟೇ ಕಾರಣ ಅಲ್ಲ. ಲೈಸೆನ್ಸ್ ರಾಜ್ ಕಾಲದಲ್ಲಿ ಯಾರು ಎಷ್ಟು ಕಾರು ಮಾಡಬೇಕು ಅಂತ ತೀರ್ಮಾನಿಸುತ್ತಿದ್ದದ್ದು ಸರ್ಕಾರ. ಫಿಯೆಟ್, ಸ್ಟ್ಯಾಂಡರ್ಡ್ ಬಿಟ್ಟರೆ ಹೆಚ್ಚಿನ ಆಯ್ಕೆ ಇರಲಿಲ್ಲ. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಜನ ಹೇಗೂ ಕಾಯ್ತಾರೆ ಅಂದಮೇಲೆ ಕಂಪನಿಗೆ ಕಾರನ್ನು ಸುಧಾರಿಸುವ ದರ್ದು ಎಲ್ಲಿಂದ ಬರಬೇಕು?

1983ರ ಕೊನೆಯಲ್ಲಿ ಮಾರುತಿ 800 ಬಂತು. ಮಧ್ಯಮ ವರ್ಗ ಆ ಕಡೆ ಹೊರಟಿತು. ಅಂಬಾಸಿಡರ್‌ಗೆ ಉಳಿದದ್ದು ಮುಖ್ಯವಾಗಿ ಎರಡು ಆಸರೆ: ಟ್ಯಾಕ್ಸಿ ಮತ್ತು ಸರ್ಕಾರ. ಬಿಳಿ ಕಾರು, ಮೇಲೊಂದು ಕೆಂಪು ದೀಪ ಅಂದ್ರೆ ಒಳಗೆ ಮಂತ್ರಿ ಅಂತಲೇ ಅರ್ಥ. ನಿಧಾನಕ್ಕೆ ಮಂತ್ರಿಗಳೂ ಬೇರೆ ಕಾರು ಹತ್ತಿದರು.

2014ರ ಮೇ 24ರಂದು ಉತ್ತರಪಾರಾದಲ್ಲಿ ಕೆಲಸ ನಿಂತಿತು. ಆ ಹೊತ್ತಿಗೆ ಸುಮಾರು 2,600 ನೌಕರರಿದ್ದ ಕಾರ್ಖಾನೆಯಿಂದ ಹೊರಬರುತ್ತಿದ್ದದ್ದು ದಿನಕ್ಕೆ ಐದು ಕಾರು. ಆಮೇಲೆ ಹೆಸರಿಗೆ 80 ಕೋಟಿ ಸಿಕ್ಕಿತು. ನೌಕರರ ಕೈಯಲ್ಲಿದ್ದ ಕಸುಬಿಗೆ ಗಿರಾಕಿ ಇರಲಿಲ್ಲ.

ಈಗ ಪ್ಯೂಜೊ ಇರುವುದು ಸ್ಟೆಲಾಂಟಿಸ್ ಅನ್ನೋ ದೊಡ್ಡ ಗುಂಪಿನೊಳಗೆ. ಅಂಬಾಸಿಡರ್ ಎಲೆಕ್ಟ್ರಿಕ್ ಆಗಿ ವಾಪಸ್ ಬರುತ್ತಂತೆ ಅಂತ ಆಗಾಗ ಸುದ್ದಿ ಹುಟ್ಟುತ್ತೆ, ಆರಿಹೋಗುತ್ತೆ. ಅತ್ತ ಕೋಲ್ಕತ್ತದಲ್ಲಿ, ಹದಿನೈದು ವರ್ಷ ದಾಟಿದ ವಾಣಿಜ್ಯ ವಾಹನಗಳನ್ನು ತೆಗೆಯಬೇಕೆಂದು 2008ರಲ್ಲಿ ಹೈಕೋರ್ಟ್ ಆದೇಶಿಸಿದ ಮೇಲೆ, ಹಳದಿ ಟ್ಯಾಕ್ಸಿಗಳು ವರ್ಷಕ್ಕಿಷ್ಟು ಅಂತ ಕರಗುತ್ತಿವೆ. 2014ರಲ್ಲಿ ತಯಾರಾದ ಕೊನೆಯ ಕಾರುಗಳಿಗೂ 2029ಕ್ಕೆ ಹದಿನೈದು ತುಂಬುತ್ತೆ.

ನಾಳೆ ಯಾವುದೋ ಹೊಸ ಕಾರಿನ ಮೇಲೆ ಆ ಹೆಸರು ಕಾಣಿಸಿದರೆ ನಾವು ಫೋಟೊ ತೆಗೆದು ಹಂಚಿಕೊಳ್ಳಬಹುದು. ಆದ್ರೆ ಆಯ್ಕೆ ಸಿಕ್ಕ ದಿನವೇ ಅಂಬಾಸಿಡರ್ ಬಿಟ್ಟು ಹೋದವರೂ ನಮ್ಮವರೇ. ಅವರು ತಪ್ಪು ಮಾಡಲಿಲ್ಲ. ಹಳೇ ಕಾರನ್ನು ನೆನೆಯುವಾಗ, ಅದಕ್ಕಾಗಿ ಕಾದ ವರ್ಷಗಳನ್ನೂ ಲೆಕ್ಕಕ್ಕೆ ತಗೊಂಡರೆ ಸಾಕು.