ಜಯನಗರವೂ ಒಂದೇ, ಮಂಡ್ಯದ ಸೊನ್ನೆಯೂ ಒಂದೇ: ಬ್ರೌಸರ್ ನಕ್ಷೆಗೆ ಬಣ್ಣ ತುಂಬುವ ಬಗೆ

ಫಲಿತಾಂಶದ ದಿನ ಮಧ್ಯಾಹ್ನದ ಹೊತ್ತಿಗೆ ನಮ್ಮೆಲ್ಲರ ವಾಟ್ಸಾಪಿಗೂ ಒಂದು ಬಣ್ಣದ ನಕ್ಷೆ ಬಂದಿರುತ್ತದೆ. ಅದನ್ನಿಟ್ಟುಕೊಂಡು ಜಗಳ ಆಡ್ತೀವಿ, ಸ್ಟೇಟಸ್ ಹಾಕ್ತೀವಿ. ಅದು ಹೇಗೆ ತಯಾರಾಯಿತು ಅಂತ ಮಾತ್ರ ಯಾರೂ ಕೇಳಲ್ಲ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಅಂಥದೊಂದು ನಕ್ಷೆಯನ್ನು ನಾನೇ ಮಾಡಲು ಕೂತೆ. ಎಂಜಿನಿಯರಿಂಗ್ ಓದಿದ್ದಕ್ಕೆ ಅಷ್ಟಾದರೂ ಉಪಯೋಗ ಆಗಲಿ ಅಂತ. ಕೈಯಲ್ಲಿದ್ದದ್ದು 224 ಕ್ಷೇತ್ರಗಳ ಗಡಿಗೆರೆ ಮತ್ತು ಹೆಸರುಗಳಿದ್ದ ಒಂದು ಪಿಎನ್‌ಜಿ ಚಿತ್ರ, ಅಷ್ಟೇ. (ಗಡಿಗಳ ಜಿಯೋಜೇಸನ್ ಕಡತ ನಿಮ್ಮ ಬಳಿ ಇದ್ದರೆ ಈ ಪಾಡೆಲ್ಲ ಬೇಡ.)

ನಮಗೆ ಕಾಣುವ ಕ್ಷೇತ್ರ ಕಂಪ್ಯೂಟರಿಗೆ ಕಾಣುವುದಿಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ಚಿತ್ರವನ್ನು ಕ್ಯಾನ್ವಾಸ್ ಮೇಲೆ ಮೂಡಿಸಿ 'ಗೆಟ್‌ಇಮೇಜ್‌ಡೇಟಾ' ಎಂದು ಕೇಳಿದರೆ ಸಿಗುವುದು ಸಂಖ್ಯೆಗಳ ಉದ್ದನೆಯ ಸಾಲು. ಒಂದು ಪಿಕ್ಸೆಲ್‌ಗೆ ನಾಲ್ಕು ಸಂಖ್ಯೆ: ಕೆಂಪು, ಹಸಿರು, ನೀಲಿ, ಪಾರದರ್ಶಕತೆ. ಪ್ರತಿಯೊಂದೂ 0ಯಿಂದ 255ರೊಳಗೆ. ಸಾವಿರಕ್ಕೆ ಸಾವಿರ ಪಿಕ್ಸೆಲ್‌ನ ಚಿತ್ರವೆಂದರೆ 40 ಲಕ್ಷ ಸಂಖ್ಯೆ. ಎಲ್ಲ ಕೆಲಸವೂ ನಿಮ್ಮ ಬ್ರೌಸರ್‌ನಲ್ಲೇ ನಡೆಯುವುದರಿಂದ ಚಿತ್ರವನ್ನು ಯಾವ ಸರ್ವರ್‌ಗೂ ಕಳಿಸಬೇಕಾಗಿಲ್ಲ. ಆದರೆ ಬೇರೆ ತಾಣದ ಚಿತ್ರವನ್ನು ಆ ತಾಣದ ಅನುಮತಿಯಿಲ್ಲದೆ ಎಳೆದು ತಂದರೆ, ಅದರ ಪಿಕ್ಸೆಲ್ ಓದಲು ಬ್ರೌಸರ್ ಬಿಡುವುದಿಲ್ಲ.

ಈ ಸಂಖ್ಯೆಗಳಲ್ಲಿ ಪ್ರದೇಶ ಹುಡುಕುವುದು ಗದ್ದೆಗೆ ನೀರು ಬಿಟ್ಟ ಹಾಗೆ. ಒಂದು ಬಿಳಿ ಪಿಕ್ಸೆಲ್‌ನಿಂದ ಹೊರಟು ಪಕ್ಕದ್ದು ಬಿಳಿಯೇ ಅಂತ ನೋಡುತ್ತಾ ಹರಡಬೇಕು, ಕಪ್ಪು ಗೆರೆ ಎಂಬ ಬದು ಸಿಕ್ಕಲ್ಲಿ ನಿಲ್ಲಬೇಕು. ಹೀಗೆ ತುಂಬಿದ್ದಕ್ಕೆಲ್ಲ 1 ಅಂತ ಗುರುತು, ಮುಂದಿನ ಗದ್ದೆಗೆ 2. ಇದಕ್ಕೆ ಫ್ಲಡ್ ಫಿಲ್ ಅನ್ನುತ್ತಾರೆ. ಗುರುತುಗಳನ್ನು ಬೇರೊಂದು ಪಟ್ಟಿಯಲ್ಲಿ ಇಟ್ಟುಕೊಂಡರೆ, ಓದುಗರು ಎಲ್ಲಿ ಕ್ಲಿಕ್ ಮಾಡಿದರೂ ಅದು ಎಷ್ಟನೇ ಪ್ರದೇಶ ಎಂದು ತಕ್ಷಣ ಗೊತ್ತಾಗುತ್ತದೆ. ಫಂಕ್ಷನ್ ತನ್ನನ್ನೇ ಕರೆದುಕೊಳ್ಳುವಂತೆ ಬರೆಯಬೇಡಿ, ದೊಡ್ಡ ಪ್ರದೇಶ ಬಂದಾಗ ಸ್ಟ್ಯಾಕ್ ತುಂಬಿ ಪ್ರೋಗ್ರಾಮ್ ಬೀಳುತ್ತೆ. ನೋಡಬೇಕಾದ ಪಿಕ್ಸೆಲ್‌ಗಳನ್ನು ಒಂದು ಪಟ್ಟಿಗೆ ಹಾಕಿಕೊಂಡು ಒಂದೊಂದೇ ತೆಗೆಯಿರಿ.

ನಾಲ್ಕೇ ದಿಕ್ಕಿಗೆ ಹರಡಿ. ಮೂಲೆಗಳನ್ನೂ ಸೇರಿಸಿ ಎಂಟು ದಿಕ್ಕಿಗೆ ಬಿಟ್ಟರೆ, ಓರೆಯಾಗಿ ಹೋಗುವ ತೆಳು ಗಡಿಯ ಸಂದಿಯಲ್ಲಿ ಬಣ್ಣ ನುಸುಳಿ ಎರಡು ಕ್ಷೇತ್ರ ಒಂದಾಗುತ್ತವೆ. ಜೆಪೆಗ್ ಚಿತ್ರವನ್ನಂತೂ ಮುಟ್ಟಲೇಬೇಡಿ. ಗೆರೆಯ ಸುತ್ತ ಅದು ಎಬ್ಬಿಸುವ ಬೂದು ಧೂಳಿನಲ್ಲಿ ಬದು ಯಾವುದು ಗದ್ದೆ ಯಾವುದು ತಿಳಿಯಲ್ಲ.

ಇಷ್ಟೆಲ್ಲ ಎಚ್ಚರ ವಹಿಸಿಯೂ ನನ್ನ ಎಣಿಕೆ 224ಕ್ಕೆ ನಿಲ್ಲದೆ ನೂರಾರು ಹೆಚ್ಚಿಗೆ ಬಂತು. ಕಾರಣ ಹುಡುಕಿದರೆ ನಗು ಬಂತು: ನಮ್ಮ ದುಂಡು ಅಕ್ಷರಗಳು! 'ಮಂಡ್ಯ' ಅಂತ ಬರೆದಲ್ಲಿ ಆ ಸೊನ್ನೆಯೊಳಗಿನ ಬಿಳಿಯೂ ನಾಲ್ಕೂ ಕಡೆ ಗೆರೆಯಿರುವ ಜಾಗವೇ ತಾನೇ? ಪ್ರೋಗ್ರಾಮ್ ಅದಕ್ಕೂ ಒಂದು ಸಂಖ್ಯೆ ಕೊಟ್ಟಿತ್ತು. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಇಷ್ಟು ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ಕಸ, ಅಳಿಸಿಬಿಡು ಅಂದೆ. ಸೊನ್ನೆಗಳು ಹೋದವು. ಜೊತೆಗೆ ಜಯನಗರವೂ ಹೋಯಿತು.

ಇಡೀ ರಾಜ್ಯವನ್ನು ಒಂದು ಪರದೆಗೆ ಇಳಿಸಿದಾಗ ಜಯನಗರಕ್ಕೆ ಉಳಿಯುವುದು ಕೆಲವೇ ಪಿಕ್ಸೆಲ್. ಅಷ್ಟು ಜಾಗ ಒಂದು ಅಕ್ಷರದ ಹೊಟ್ಟೆಯಲ್ಲೂ ಇರುತ್ತದೆ. ಬೆಂಗಳೂರು ನಗರ ಜಿಲ್ಲೆಯ ವಿಸ್ತೀರ್ಣ 2,200 ಚದರ ಕಿ.ಮೀ. ಆಸುಪಾಸು, ಅಲ್ಲಿ 28 ಕ್ಷೇತ್ರ. ಉತ್ತರ ಕನ್ನಡ 10 ಸಾವಿರ ಚದರ ಕಿ.ಮೀ. ದಾಟುತ್ತದೆ, ಅಲ್ಲಿ 6. ಅಂದರೆ 'ಚಿಕ್ಕದೆಲ್ಲ ಕಸ' ಎಂಬ ಒಂದೇ ಸಾಲಿನ ಕೋಡ್ ನಗರದ ಮತದಾರರನ್ನೇ ಹುಡುಕಿ ಅಳಿಸುತ್ತದೆ. ಯಾವ ದುರುದ್ದೇಶವೂ ಇಲ್ಲದೆ, ಯಾರ ಗಮನಕ್ಕೂ ಬಾರದೆ. ಆ ಚುನಾವಣೆಯಲ್ಲಿ ಜಯನಗರದ ಮರುಎಣಿಕೆ ತಡರಾತ್ರಿವರೆಗೆ ನಡೆದು, ಬಿಜೆಪಿ ಗೆದ್ದದ್ದು 16 ಮತಗಳಿಂದ. ರಾಜ್ಯವೆಲ್ಲ ಮಾತಾಡಿದ ಆ ಕ್ಷೇತ್ರ ನನ್ನ ಮೊದಲ ನಕ್ಷೆಯಲ್ಲಿ ಇರಲೇ ಇಲ್ಲ.

ಸರಿಪಡಿಸಿದ್ದು ಹೀಗೆ. ಗಾತ್ರ ನೋಡಿ ತೀರ್ಮಾನಿಸುವುದನ್ನೇ ಬಿಟ್ಟೆ. ಹೆಸರುಗಳಿಲ್ಲದ, ನಾಲ್ಕು ಪಟ್ಟು ಅಗಲದ ಚಿತ್ರ ತಗೊಂಡು ಒಂದೊಂದು ಕ್ಷೇತ್ರದೊಳಗೂ ಕೈಯಾರೆ ಒಂದು ಚುಕ್ಕಿ ಇಟ್ಟೆ, 224 ಚುಕ್ಕಿ. ಒಂದು ಸಂಜೆ ಪೂರ್ತಿ ಹಿಡಿಯಿತು. ನೀರು ಹೊರಡುವುದು ಆ ಚುಕ್ಕಿಗಳಿಂದ ಮಾತ್ರ. ಎರಡು ಚುಕ್ಕಿಯ ನೀರು ಕೂಡಿದರೆ ಗಡಿ ಎಲ್ಲೋ ಒಡೆದಿದೆ ಅಂತ ಪ್ರೋಗ್ರಾಮ್ ಕೂಗಿ ಹೇಳುತ್ತದೆ. ಗೆರೆಯಂಚಿನಲ್ಲಿ ಉಳಿದ ಬೂದು ಪಿಕ್ಸೆಲ್‌ಗಳು ಹತ್ತಿರದ ಕ್ಷೇತ್ರಕ್ಕೆ ಸೇರುತ್ತವೆ. ಬೆಂಗಳೂರನ್ನು ಪಕ್ಕದಲ್ಲಿ ದೊಡ್ಡದಾಗಿ ಬೇರೆಯೇ ತೋರಿಸುತ್ತೇನೆ.

ಈಗ ಬಣ್ಣವನ್ನೂ ಗೆಲುವಿನ ಅಂತರ ನೋಡಿ ತೆಳು, ಗಾಢ ಮಾಡುತ್ತೇನೆ. 16 ಮತದ ಜಯನಗರ ಕೇಸರಿಯೋ ಬಿಳಿಯೋ ಅಂತ ಕಣ್ಣು ಕಿರಿದು ಮಾಡಿ ನೋಡಬೇಕು.