ಬೀದರ್ ಜಿಲ್ಲೆಯಲ್ಲಿ ಗಣಕಯಂತ್ರದ ಬಹುಲಿಪಿ ಬಳಕೆ

ಕರ್ನಾಟಕದ ಉತ್ತರ ತುದಿಯಲ್ಲಿರುವ ಬೀದರ್ ಜಿಲ್ಲೆಯ ಮನೆಗಳಲ್ಲಿ ಒಂದೇ ಗಣಕಯಂತ್ರದಲ್ಲಿ ಅಥವಾ ಮೊಬೈಲಿನಲ್ಲಿ ಕನ್ನಡ, ದೇವನಾಗರಿ, ಉರ್ದು ಮತ್ತು ರೋಮನ್ ಲಿಪಿಗಳ ಅಗತ್ಯ ಬೀಳುವುದು ಸಾಮಾನ್ಯ. ಈ ಬಳಕೆಯಲ್ಲಿ ಎದುರಾಗುವ ತೊಡಕುಗಳು ಮೇಲ್ನೋಟಕ್ಕೆ ಯಂತ್ರದ ದೋಷದಂತೆಯೋ ಕಡತ ಹಾಳಾದಂತೆಯೋ ಕಾಣುತ್ತವೆ. ಬಹಳಷ್ಟು ಸಂದರ್ಭಗಳಲ್ಲಿ ಅವುಗಳ ಮೂಲ ಅಕ್ಷರಗಳ ಸಂಕೇತೀಕರಣದಲ್ಲಿರುತ್ತದೆ. ಆದ್ದರಿಂದ ಓದಲಾಗದ ಬರಹವನ್ನು ಮರಳಿ ಪಡೆಯಲು ಹೆಚ್ಚಾಗಿ ಸಾಧ್ಯವಿದೆ.

ಹಿನ್ನೆಲೆ

1956ರ ನವೆಂಬರ್ 1ರವರೆಗೆ ಬೀದರ್ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ನಿಜಾಮರ ಆಡಳಿತದಲ್ಲಿ ಉರ್ದು ರಾಜಭಾಷೆಯಾಗಿದ್ದುದರಿಂದ ಆ ಕಾಲದ ದಾಖಲೆಗಳು ಆ ಲಿಪಿಯಲ್ಲಿವೆ. ರಾಜ್ಯ ಪುನರ್ವಿಂಗಡಣೆಯಲ್ಲಿ ಉದಗೀರ್ ಮೊದಲಾದ ತಾಲೂಕುಗಳು ಜಿಲ್ಲೆಯಿಂದ ಬೇರ್ಪಟ್ಟು ಇಂದಿನ ಮಹಾರಾಷ್ಟ್ರದ ಪಾಲಾದವು. ಗಡಿಗೆ ಹೊಂದಿದ ಔರಾದ್ ಮತ್ತು ಭಾಲ್ಕಿ ತಾಲೂಕುಗಳಲ್ಲಿ ಮರಾಠಿ ಇಂದಿಗೂ ವ್ಯಾಪಕ. ಬೀದರ್ ನಗರದಲ್ಲಿ ಉರ್ದು ಮತ್ತು ದಖನಿ ಮಾತು ಕನ್ನಡದ ಜೊತೆಗೇ ಕೇಳಿಬರುತ್ತದೆ.

ಹಳೆಯ ಅಕ್ಷರವಿನ್ಯಾಸಗಳು

ಕನ್ನಡ ಗಣಕ ಪರಿಷತ್ತಿನ ನುಡಿ, 1998ರಲ್ಲಿ ಬಂದ ಬರಹ ಮೊದಲಾದ ತಂತ್ರಾಂಶಗಳು ಕನ್ನಡವನ್ನು ಮನೆಯ ಗಣಕಯಂತ್ರಕ್ಕೆ ತಂದವು. ಇವುಗಳ ಆರಂಭದ ಅಕ್ಷರವಿನ್ಯಾಸಗಳಲ್ಲಿ ಕನ್ನಡದ ಆಕಾರಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕೂತಿರುತ್ತವೆ. ಆ ಅಕ್ಷರವಿನ್ಯಾಸ ಇಲ್ಲದ ಯಂತ್ರದಲ್ಲಿ ಹಳೆಯ ನುಡಿ ಕಡತವನ್ನು ತೆರೆದರೆ ‘ಕನ್ನಡ’ ಎಂಬ ಪದವು ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆಯುಳ್ಳ ಎ, ಪೌಂಡ್ ನಾಣ್ಯದ ಗುರುತು ಇತ್ಯಾದಿಗಳ ಸಾಲಾಗಿ ತೋರುತ್ತದೆ. ಉರ್ದುವಿನ ಇನ್‌ಪೇಜ್ ಮತ್ತು ಮರಾಠಿಯ ಶ್ರೀಲಿಪಿಯಲ್ಲಿ ಸಿದ್ಧವಾದ ಹಳೆಯ ಬರಹಗಳದ್ದೂ ಇದೇ ಪಾಡು. ವರ್ಷಗಟ್ಟಲೆ ಬೆರಳಚ್ಚು ಮಾಡಿದ ಪ್ರಬಂಧ ಅಥವಾ ಜನಪದ ಹಾಡುಗಳ ಸಂಗ್ರಹವನ್ನು ‘ವೈರಸ್ ತಗುಲಿದೆ’ ಎಂದು ಭಾವಿಸಿ ಅಳಿಸಿಹಾಕುವ ಅಪಾಯ ಇಲ್ಲಿಯೇ ಇರುವುದು.

ಇಂತಹ ಕಡತಕ್ಕೆ ಮೊದಲು ಒಂದು ನಕಲು ಮಾಡಿಟ್ಟುಕೊಂಡು, ಮೂಲ ಅಕ್ಷರವಿನ್ಯಾಸವನ್ನು ಯಂತ್ರದಲ್ಲಿ ಅಳವಡಿಸಿ, ಪಠ್ಯಕ್ಕೆ ಅದನ್ನೇ ಆರಿಸಿ ನೋಡಬೇಕು. ಅಕ್ಷರಗಳು ಸರಿಯಾಗಿ ಮೂಡಿದರೆ ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಿಸಬಹುದು. ಕಡತದ ನಡುವೆ ನಿಜವಾಗಿಯೇ ಇಂಗ್ಲಿಷಿನಲ್ಲಿದ್ದ ಪದಗಳನ್ನು ಪರಿವರ್ತಕ ಕನ್ನಡವೆಂದೇ ತಿಳಿದು ಕೆಡಿಸುತ್ತದೆ. ಅರ್ಕಾವತ್ತು, ಒತ್ತಕ್ಷರ ಮತ್ತು ಇಂಗ್ಲಿಷ್ ಪದಗಳನ್ನು ಪರಿವರ್ತನೆಯ ನಂತರ ಕಣ್ಣಾರೆ ತಿದ್ದದೆ ಗತಿಯಿಲ್ಲ.

ಯೂನಿಕೋಡ್ ಮತ್ತು ಊರಿನ ಹೆಸರು

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಸ್ವತಂತ್ರ ವಿಭಾಗವಿದೆ. ದೇವನಾಗರಿಗೂ ಉರ್ದು ಬಳಸುವ ಅರಬಿ ಲಿಪಿಗೂ ಬೇರೆ ವಿಭಾಗಗಳಿವೆ. ನಾಲ್ಕೂ ಲಿಪಿಗಳು ಒಂದೇ ಪುಟದಲ್ಲಿ ಪರಸ್ಪರ ಕೆಡಿಸದೆ ಇರಲು ಇದೇ ಕಾರಣ. ಆದರೂ ಬೀದರ್ ಎಂಬ ಹೆಸರೇ ಒಂದು ಸಣ್ಣ ಬಲೆ ಒಡ್ಡುತ್ತದೆ. ಅರ್ಧಾಕ್ಷರದಲ್ಲಿ ಮುಗಿಯುವ ಈ ಪದಕ್ಕೆ ‘ನಲ್ಲಿ’ ಸೇರಿಸಿದರೆ ಯಂತ್ರವು ರ ಮತ್ತು ನಗಳನ್ನು ಕೂಡಿಸಿ ‘ಬೀದರ್ನಲ್ಲಿ’ ಎಂದು ಅರ್ಕಾವತ್ತಿನಿಂದ ತೋರಿಸುತ್ತದೆ. ‘ಬೀದರ್‌ನಲ್ಲಿ’ ಎಂದು ಬಿಡಿಸಿ ಬರೆಯಲು ಝೀರೋ ವಿಡ್ತ್ ನಾನ್ ಜಾಯ್ನರ್ ಎಂಬ, ಕಣ್ಣಿಗೆ ಕಾಣದ ಸಂಕೇತ ನಡುವೆ ಇರಬೇಕು. ‘ಔರಾದ್‌ಗೆ’ ಎಂಬುದು ‘ಔರಾದ್ಗೆ’ ಆಗುವುದೂ ಹೀಗೆಯೇ. ಸ್ವರದಲ್ಲಿ ಮುಗಿಯುವ ಭಾಲ್ಕಿಗೆ ಮಾತ್ರ ಈ ಕಾಟವಿಲ್ಲ. ‘ಬೀದರಿನಲ್ಲಿ’, ‘ಔರಾದಿಗೆ’ ಎಂದು ಹಳೆಯ ಪದ್ಧತಿಯಂತೆ ಬರೆದರೆ ಯಾವ ಗುಪ್ತ ಸಂಕೇತವೂ ಬೇಡ.

ಇದರ ಪರಿಣಾಮ ಹುಡುಕಾಟದಲ್ಲಿ ಕಾಣುತ್ತದೆ. ಬೀದರ್, ಬೀದರ ಎಂಬ ಎರಡು ರೂಪಗಳೂ ಚಲಾವಣೆಯಲ್ಲಿವೆ. ಮೊದಲನೆಯದು ಐದು ಸಂಕೇತಗಳ ಪದ, ಎರಡನೆಯದು ನಾಲ್ಕರದ್ದು. ಸಂಕೇತಗಳನ್ನು ಒಂದೊಂದಾಗಿ ಹೋಲಿಸುವ ತಂತ್ರಾಂಶಕ್ಕೆ ಅವು ಎರಡು ಬೇರೆ ಊರುಗಳು. ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರ, ಅಂಕಪಟ್ಟಿ ಮೊದಲಾದವನ್ನು ಗಣಕಯಂತ್ರದಲ್ಲಿ ಊರಿನ ಹೆಸರಿನಿಂದ ಕಾದಿರಿಸಿದ ವಿದ್ಯಾರ್ಥಿಗೆ ಅರ್ಜಿಯ ಕೊನೆಯ ದಿನ ಕಡತವೇ ಸಿಗದಿದ್ದರೆ ಎರಡೂ ರೂಪಗಳಲ್ಲಿ ಹುಡುಕಿ ನೋಡುವುದು ಒಳ್ಳೆಯದು.

ಉರ್ದು ಸಾಲಿನ ದಿಕ್ಕು

ಉರ್ದು ಬಲದಿಂದ ಎಡಕ್ಕೆ ಸಾಗುವುದರಿಂದ ಅದರ ಸಾಲಿನ ನಡುವೆ ಕನ್ನಡ ಪದ ಬಂದರೆ ಪೂರ್ಣವಿರಾಮ ತಪ್ಪು ತುದಿಗೆ ಹೋಗುತ್ತದೆ, ಪದಗಳ ಕ್ರಮ ಅದಲುಬದಲಾದಂತೆ ಕಾಣುತ್ತದೆ. ಸಂಗ್ರಹವಾದ ಪಠ್ಯ ಸರಿಯಾಗಿಯೇ ಇದ್ದು, ಪರಿಚ್ಛೇದದ ದಿಕ್ಕು ಮಾತ್ರ ತಪ್ಪಿರುತ್ತದೆ. ವಿಂಡೋಸ್‌ನಲ್ಲಿ ಉರ್ದು ಕೀಲಿಮಣೆ ಅಳವಡಿಸಿದ್ದರೆ ಅನೇಕ ತಂತ್ರಾಂಶಗಳಲ್ಲಿ ಕಂಟ್ರೋಲ್ ಕೀಲಿಯೊಂದಿಗೆ ಬಲಗಡೆಯ ಶಿಫ್ಟ್ ಒತ್ತಿದಾಗ ದಿಕ್ಕು ಬದಲಾಗುತ್ತದೆ. ಎಡಗಡೆಯ ಶಿಫ್ಟ್ ಅದನ್ನು ಮರಳಿಸುತ್ತದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಅಕ್ಷರವಿನ್ಯಾಸವಿದ್ದರೂ ಸಂಕೀರ್ಣ ಲಿಪಿಗಳ ಬೆಂಬಲವನ್ನು ಪ್ರತ್ಯೇಕವಾಗಿ ಅಳವಡಿಸಬೇಕಾಗಿತ್ತು. ಬಲದಿಂದ ಎಡಕ್ಕೆ ಬರೆಯುವ ಭಾಷೆಗಳಿಗೂ ಅದೇ ಒಂದು ಆಯ್ಕೆ ಇದ್ದುದರಿಂದ ಕನ್ನಡ ಮತ್ತು ಉರ್ದು ಒಂದೇ ಗುರುತು ಹಾಕುವುದರಿಂದ ಸರಿಹೋಗುತ್ತಿದ್ದವು.

ಕೀಲಿಮಣೆ ಮತ್ತು ಮೊಬೈಲ್

ಕನ್ನಡದಲ್ಲಿ ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆ ಪ್ರಚಲಿತ. ಮರಾಠಿ ಶಾಲೆಯಲ್ಲಿ ಕಲಿತು ಕನ್ನಡವನ್ನೂ ಬೆರಳಚ್ಚಿಸಬೇಕಾದವರಿಗೆ ಇನ್‌ಸ್ಕ್ರಿಪ್ಟ್ ಅನುಕೂಲಕರ: ಅದರಲ್ಲಿ ದೇವನಾಗರಿಯ ಕ, ಕನ್ನಡದ ಕ ಎರಡೂ ಒಂದೇ ಕೀಲಿಯಲ್ಲಿವೆ. ಉರ್ದುವಿಗೆ ಈ ಸೌಲಭ್ಯವಿಲ್ಲ.

ಆಂಡ್ರಾಯ್ಡ್ 2012ರ 4.1ನೇ ಆವೃತ್ತಿಯಲ್ಲಿ ಕನ್ನಡಕ್ಕೆ ಬೆಂಬಲ ನೀಡಿತು. ಅದಕ್ಕೂ ಹಳೆಯ ಮೊಬೈಲುಗಳಲ್ಲಿ ಕನ್ನಡದ ಬದಲು ಖಾಲಿ ಚೌಕಗಳು ಕಂಡರೆ ಅಕ್ಷರವಿನ್ಯಾಸ ಇಲ್ಲವೆಂದರ್ಥ. ಬಂದ ಸಂದೇಶ ಹಾಳಾಗಿರುವುದಿಲ್ಲ. ಅದನ್ನೇ ಹೊಸ ಮೊಬೈಲಿಗೆ ಕಳುಹಿಸಿದರೆ ಅಕ್ಷರಗಳು ಮೂಡುತ್ತವೆ.