ಕೊರಳಿನ ಸರಕ್ಕೆ ಸರ್ಕಾರ ಕೈ ಹಾಕಿದಾಗ

ಮದುವೆ ಮನೆಗೆ ಕಾಸಿನ ಸರ ಹಾಕಿಕೊಂಡವರು ಬಂದರೆ ನಾಲ್ಕು ಜನ ತಿರುಗಿ ನೋಡೇ ನೋಡ್ತಾರೆ. ಎಷ್ಟು ಗ್ರಾಂ? ಅಜ್ಜಿದಾ, ಹೊಸದಾ? ಪ್ರಶ್ನೆಗಳು ಶುರು. ಆದರೆ ವೀಕ್ಷಕರೇ, ಅಂಥದ್ದೊಂದು ಸರವನ್ನು ಹೊಸದಾಗಿ 22 ಕ್ಯಾರೆಟ್ ಚಿನ್ನದಲ್ಲಿ ಮಾಡುವುದೇ ಅಪರಾಧವಾಗಿದ್ದ ಕಾಲ ಈ ದೇಶದಲ್ಲಿತ್ತು ಅಂದ್ರೆ ನಂಬ್ತೀರಾ?

1962ರ ಚೀನಾ ಯುದ್ಧ ಆಗಷ್ಟೇ ಮುಗಿದಿತ್ತು. ರಕ್ಷಣಾ ನಿಧಿಗೆ ಹೆಣ್ಣುಮಕ್ಕಳು ಮೈಮೇಲಿನ ಬಳೆ, ಸರ ಬಿಚ್ಚಿ ಕೊಟ್ಟಿದ್ದರು. ವಿದೇಶಿ ವಿನಿಮಯಕ್ಕೆ ಬರ. ಕಳ್ಳಸಾಗಣೆಯ ಚಿನ್ನ ಮಾತ್ರ ಬರುತ್ತಲೇ ಇತ್ತು. ಜನರಿಗೆ ಚಿನ್ನದ ಆಸೆ ಬಿಡಿಸಬೇಕು ಅಂತ ಹಣಕಾಸು ಸಚಿವ ಮೊರಾರ್ಜಿ ದೇಸಾಯಿ ತೀರ್ಮಾನಿಸಿದರು. 1963ರ ಜನವರಿಯಲ್ಲಿ ನಿಯಮ ಬಂತು: 14 ಕ್ಯಾರೆಟ್‌ಗಿಂತ ಹೆಚ್ಚು ಶುದ್ಧವಾದ ಒಡವೆ ಮಾಡುವಂತಿಲ್ಲ!

ಸ್ವಲ್ಪ ಲೆಕ್ಕ ಹಾಕೋಣ. 24 ಕ್ಯಾರೆಟ್ ಅಂದ್ರೆ ಅಪರಂಜಿ. 22 ಅಂದ್ರೆ ನೂರಕ್ಕೆ 91.6 ಭಾಗ ಚಿನ್ನ. ಇವತ್ತಿನ '916' ಅದೇ. 14 ಅಂದ್ರೆ ಬರೀ 58.3. ಉಳಿದದ್ದು ತಾಮ್ರ, ಬೆಳ್ಳಿ. ಕಾಗದದ ಮೇಲೆ ಲೆಕ್ಕ ಸರಿಯಾಗೇ ಇತ್ತು.

ಆದರೆ ಸರ ಆಗೋದು ಕಾಗದದ ಮೇಲಲ್ಲ. ಅಕ್ಕಸಾಲಿಗ ಚಿನ್ನವನ್ನು ಮೂಸೆಯಲ್ಲಿ ಕರಗಿಸುತ್ತಾನೆ, ಬಡಿದು ತೆಳು ತಗಡು ಮಾಡುತ್ತಾನೆ. ದುಂಡಗೆ ಕತ್ತರಿಸಿ, ಅಚ್ಚಿನಲ್ಲಿ ಒತ್ತಿ ಲಕ್ಷ್ಮಿಯನ್ನು ಮೂಡಿಸುತ್ತಾನೆ. ಊದುಕೊಳವೆಯ ಉರಿಯಲ್ಲಿ ಪ್ರತಿ ಕಾಸಿಗೂ ಕೊಂಡಿ ಬೆಸೆಯುತ್ತಾನೆ. ಇಷ್ಟೆಲ್ಲ ಸಾಧ್ಯವಾಗುವುದು ಚಿನ್ನ ಮೆತ್ತಗಿರುವುದರಿಂದ. ಒಂದೇ ಗ್ರಾಂ ಶುದ್ಧ ಚಿನ್ನವನ್ನು ಎರಡು ಕಿಲೋಮೀಟರ್ ಉದ್ದದ ತಂತಿಯಾಗಿ ಎಳೆಯಬಹುದು! ಎಂಜಿನಿಯರಿಂಗ್ ಓದುವಾಗ ನನಗೆ ಇದು ಪರೀಕ್ಷೆಯ ಒಂದು ಉತ್ತರ, ಅಷ್ಟೇ. ಅಕ್ಕಸಾಲಿಗನಿಗೆ ಅದೇ ಅನ್ನ. ತಾಮ್ರ ಹೆಚ್ಚಾದರೆ ಲೋಹ ಗಡುಸಾಗುತ್ತೆ. ಮತ್ತೆ ಮತ್ತೆ ಕಾಯಿಸಿ ಹದ ಮಾಡದಿದ್ದರೆ ಬಡಿಯುವಾಗ ಬಿರುಕು ಬಿಡುತ್ತೆ. ಬಣ್ಣವೂ ಬೇಗ ಮಂಕಾಗುತ್ತೆ.

ಹಾಕಿಕೊಳ್ಳುವವರಿಗಾದರೂ ಬೇಕಿತ್ತಾ? ಜಮೀನು ಗಂಡನ ಹೆಸರಲ್ಲಿ, ಮನೆ ಮಾವನ ಹೆಸರಲ್ಲಿ. ಅವಳದ್ದು ಅಂತ ಇದ್ದದ್ದು ಕೊರಳಲ್ಲಿದ್ದದ್ದು ಮಾತ್ರ. ಮಗನ ಫೀಸಿಗೆ, ಆಸ್ಪತ್ರೆಗೆ ಅಂತ ಅಡವಿಟ್ಟರೆ ಅದೇ ಆಧಾರ. ಅದರಲ್ಲಿ ನೂರಕ್ಕೆ ನಲವತ್ತು ಭಾಗಕ್ಕೂ ಹೆಚ್ಚು ತಾಮ್ರ, ಬೆಳ್ಳಿ ಸೇರಿಸ್ಕೋ ಅಂದ್ರೆ ಯಾವ ತಾಯಿ ಒಪ್ಪುತ್ತಾಳೆ?

ಪರಿಣಾಮ? ಚಿನ್ನದ ಆಸೆ ಹೋಗಲಿಲ್ಲ, ಕಳ್ಳಸಾಗಣೆಯೂ ನಿಲ್ಲಲಿಲ್ಲ. ಹೊಡೆತ ಬಿದ್ದದ್ದು ಊರೂರಿನ ಅಕ್ಕಸಾಲಿಗರಿಗೆ. ತಲೆತಲಾಂತರದಿಂದ ಬಂದ ಕಸುಬು ಒಂದೇ ಆದೇಶಕ್ಕೆ ನಿಂತುಹೋಯಿತು. ಲಕ್ಷಾಂತರ ಜನ ಕೆಲಸ ಕಳೆದುಕೊಂಡರು, ಕೆಲವರು ಜೀವವನ್ನೇ ಕಳೆದುಕೊಂಡರು. 1966ರಲ್ಲಿ ಸರ್ಕಾರ 14 ಕ್ಯಾರೆಟ್ ಮಿತಿಯನ್ನು ಕೈಬಿಟ್ಟಿತು. 1968ರಲ್ಲಿ ಮತ್ತೆ ಚಿನ್ನ ನಿಯಂತ್ರಣ ಕಾಯ್ದೆ, ಆಗಲೂ ಹಣಕಾಸು ಸಚಿವರು ಮೊರಾರ್ಜಿಯವರೇ! ಮನೆಯಲ್ಲಿ ಚಿನ್ನದ ಗಟ್ಟಿ ಇಟ್ಟುಕೊಳ್ಳುವಂತಿಲ್ಲ, ಅಕ್ಕಸಾಲಿಗ ಪ್ರಮಾಣಪತ್ರವಿಲ್ಲದೆ ಕೆಲಸ ಮಾಡುವಂತಿಲ್ಲ. ಆ ಕಾಯ್ದೆ ರದ್ದಾದದ್ದು 1990ರಲ್ಲಿ.

ದೇಶ ಕಷ್ಟದಲ್ಲಿತ್ತು, ನಿಜ. ಸಚಿವರ ಉದ್ದೇಶವನ್ನು ನಾನು ಅನುಮಾನಿಸುವುದಿಲ್ಲ. ಆದರೆ ಅವರು ಸರದಲ್ಲಿ ಲೋಹ ಕಂಡರು. ಅದನ್ನು ಮಾಡುವ ಕೈ ಕಾಣಲಿಲ್ಲ, ಹಾಕುವ ಕೊರಳೂ ಕಾಣಲಿಲ್ಲ.

ಇವತ್ತು ನೀವು ಕೊಳ್ಳುವ ಹಾಲ್‌ಮಾರ್ಕ್ ಸರದಲ್ಲಿ ಆರು ಅಕ್ಷರ-ಅಂಕಿಗಳ ಗುರುತು ಇರುತ್ತೆ. ಮೊಬೈಲ್‌ನಲ್ಲಿ ಹಾಕಿ ನೋಡಿದರೆ ಶುದ್ಧತೆ ಎಷ್ಟು ಅಂತ ಗೊತ್ತಾಗುತ್ತೆ. ಒಳ್ಳೆಯದೇ. ಅದನ್ನು ಮಾಡಿದ ಅಕ್ಕಸಾಲಿಗ ಯಾರು ಅಂತ ಮಾತ್ರ ಅದರಲ್ಲಿ ಬರೆದಿರುವುದಿಲ್ಲ. ಮನೆಯಲ್ಲಿ ಅಜ್ಜಿಯ ಸರ ಇದ್ದರೆ ಒಮ್ಮೆ ಕೇಳಿ ನೋಡಿ: ಇದನ್ನು ಮಾಡಿದವರು ಯಾರು? ಹೆಸರು ಗೊತ್ತಿದ್ದರೆ ಬರೆದಿಡಿ.